ಕ್ಯಾಮೆರಾ ಆಫ್ ಇದ್ದರೂ ಗ್ರಿಪ್‌ನ ಬ್ಯಾಟರಿ ಖಾಲಿಯಾಗುವುದೇಕೆ?

ಪ್ರಶ್ನೆ: ನನ್ನಲ್ಲಿ ಕ್ಯಾನನ್ 80ಡಿ ಕ್ಯಾಮೆರಾ ಇದೆ. ಮದುವೆಗಳ ಫೋಟೊ ತೆಗೆಯಲು ಅನುಕೂಲವಾಗಲೆಂದು ಬೇರೆ ಕಂಪನಿಯ ಬ್ಯಾಟರಿ ಗ್ರಿಪ್ (ಕ್ಯಾಮೆರಾದ ಅಡಿಗೆ ಸೇರಿಸುವ, ಎರಡು ಬ್ಯಾಟರಿ ಹಾಕಬಹುದಾದ ಹಿಡಿಕೆ) ಒಂದನ್ನು ಕಡಿಮೆ ಬೆಲೆಗೆ ಕೊಂಡೆ. ಎರಡು ಬ್ಯಾಟರಿಗಳನ್ನೂ ಪೂರ್ತಿ ಚಾರ್ಜ್ ಮಾಡಿ, ಆಫ್ ಮಾಡಿಯೇ ಇಟ್ಟರೂ ಎಂಟು ದಿನ ಬಿಟ್ಟು ತೆಗೆದರೆ ಎರಡೂ ಖಾಲಿಯಾಗಿರುತ್ತವೆ. ಗ್ರಿಪ್ ಬಳಸುವುದನ್ನೇ ಬಿಡಬೇಕೇ?
– ವಿರಾಜಪೇಟೆಯ ಓದುಗರೊಬ್ಬರು

ಉತ್ತರ: ಬಿಡಬೇಕಾಗಿಲ್ಲ. ಆದರೆ ‘ಆಫ್ ಮಾಡಿಯೇ ಇಟ್ಟರೂ’ ಎಂದು ಬರೆದಿದ್ದೀರಲ್ಲ, ಯಾವ ಸ್ವಿಚ್ಚನ್ನು ಆಫ್ ಮಾಡಿದಿರಿ ಎಂಬುದನ್ನು ಮೊದಲು ನೋಡಿಕೊಳ್ಳಿ. ಗ್ರಿಪ್‌ನ ಮೇಲೆ ಆನ್, ಆಫ್ ಎಂದು ಬರೆದ ಪುಟ್ಟ ಸ್ವಿಚ್ ಒಂದಿದೆ. ಅದು ಕ್ಯಾಮೆರಾಕ್ಕೆ ಹೋಗುವ ಕರೆಂಟನ್ನು ತಡೆಯುವುದಿಲ್ಲ; ಕ್ಯಾಮೆರಾವನ್ನು ಲಂಬವಾಗಿ ಹಿಡಿದಾಗ ಬಳಸುವ ಶಟರ್ ಬಟನ್ ಮತ್ತು ಅದರ ಜೊತೆಗಿರುವ ಇತರ ಗುಂಡಿಗಳು ಕೆಲಸ ಮಾಡಬೇಕೋ ಬೇಡವೋ ಎಂಬುದನ್ನಷ್ಟೇ ಅದು ನಿರ್ಧರಿಸುತ್ತದೆ. ಇಡೀ ಕ್ಯಾಮೆರಾ ಆಫ್ ಆಗಬೇಕಾದರೆ ಕ್ಯಾಮೆರಾದ ಮೇಲಿರುವ ಸ್ವಿಚ್ಚನ್ನೇ ತಿರುಗಿಸಬೇಕು.

ಇದನ್ನು ನಾನು ಕಲಿತದ್ದು ಮಡಿಕೇರಿ ದಸರಾದಲ್ಲಿ. ವಿಜಯದಶಮಿಯ ಹಗಲು ಒಂದಿಷ್ಟು ಚಿತ್ರ ತೆಗೆದು, ರಾತ್ರಿಯ ದಶಮಂಟಪಗಳ ಮೆರವಣಿಗೆಗೆ ಬ್ಯಾಟರಿ ಉಳಿಯಲೆಂದು ಗ್ರಿಪ್‌ನ ಸ್ವಿಚ್ಚನ್ನು ಮಾತ್ರ ಆಫ್ ಮಾಡಿ ಕ್ಯಾಮೆರಾವನ್ನು ಬ್ಯಾಗಿಗೆ ತುರುಕಿದ್ದೆ. ಬ್ಯಾಗಿನೊಳಗೆ ಫ್ಲಾಶಿನ ಮೂಲೆ ಕ್ಯಾಮೆರಾದ ಶಟರ್ ಬಟನ್ನನ್ನು ಅರ್ಧ ಒತ್ತಿಕೊಂಡೇ ಇತ್ತು. ಶಟರ್ ಅರ್ಧ ಒತ್ತಿದಾಗಲೆಲ್ಲ ಕ್ಯಾಮೆರಾ ಎಚ್ಚರಗೊಂಡು ಬೆಳಕನ್ನು ಅಳೆಯುತ್ತ, ಲೆನ್ಸನ್ನು ಫೋಕಸ್ ಮಾಡಲು ಹೊರಡುತ್ತದೆ. ಮಂಟಪಗಳು ಹೊರಡುವ ಹೊತ್ತಿಗೆ ಪರದೆಯ ಮೇಲೆ ಕೆಂಪು ಗುರುತು ಮಿನುಗುತ್ತಿತ್ತು. ಬೆಳಗಿನ ಜಾವದವರೆಗೆ ನಡೆಯುವ ಮೆರವಣಿಗೆಯನ್ನು ಕೈಕಟ್ಟಿ ನೋಡುವ ಭಾಗ್ಯ ಆ ವರ್ಷ ನನಗೆ ಒದಗಿತು.

ನಿಮ್ಮ ತೊಂದರೆ ಅದೇ ಇರಲಾರದು ಎಂದು ನನಗೆ ಅನ್ನಿಸುತ್ತದೆ, ಅದಕ್ಕೆ ಕಾರಣ ನೀವು ಕೊಟ್ಟ ಲೆಕ್ಕದಲ್ಲಿಯೇ ಇದೆ. 80ಡಿ ಜೊತೆ ಬರುವ ಎಲ್‌ಪಿ-ಇ6ಎನ್ ಬ್ಯಾಟರಿಯ ಸಾಮರ್ಥ್ಯ 1865 ಮಿಲಿ ಆಂಪಿಯರ್ ಅವರ್, ಎರಡಕ್ಕೆ 3730. ಎಂಟು ದಿನವೆಂದರೆ 192 ಗಂಟೆ. ಭಾಗಿಸಿ ನೋಡಿದರೆ ಹಗಲಿರುಳೂ ಸುಮಾರು 19 ಮಿಲಿ ಆಂಪಿಯರ್ ಕರೆಂಟು ಹರಿದಂತಾಯಿತು. ಕ್ಯಾಮೆರಾ ಎಚ್ಚರವಾಗಿಯೇ ಉಳಿದಿದ್ದರೆ ಇದರ ಹಲವು ಪಟ್ಟು ಕರೆಂಟು ಬೇಕಾಗಿ ಬ್ಯಾಟರಿ ಒಂದೆರಡು ದಿನದಲ್ಲೇ ಮುಗಿಯುತ್ತಿತ್ತು. ಬ್ಯಾಟರಿ ತಾನಾಗಿಯೇ ಇಳಿಯುವುದೂ ಇದಕ್ಕೆ ಕಾರಣವಲ್ಲ, ಏಕೆಂದರೆ ಒಳ್ಳೆಯ ಲಿಥಿಯಂ ಅಯಾನ್ ಬ್ಯಾಟರಿ ಸುಮ್ಮನೆ ಇಟ್ಟರೆ ತಿಂಗಳಿಗೆ ಕಳೆದುಕೊಳ್ಳುವುದು ನೂರಕ್ಕೆ ಕೆಲವೇ ಪಾಲು. ಆಫ್ ಆಗಿರುವ ಕ್ಯಾಮೆರಾಕ್ಕೆ ಬೇಕಾಗುವ ಕರೆಂಟು ಲೆಕ್ಕಕ್ಕೆ ಬಾರದಷ್ಟು ಅಲ್ಪ. ಹೀಗೆ ಒಂದೊಂದನ್ನೇ ಬಿಡುತ್ತ ಬಂದರೆ ಉಳಿಯುವುದು ಗ್ರಿಪ್‌ನೊಳಗಿನ ಸರ್ಕ್ಯೂಟ್‌ನ ಸೋರಿಕೆ, ಇಲ್ಲವೇ ಹಳತಾದ ಬ್ಯಾಟರಿ.

ಈ ಎರಡರಲ್ಲಿ ಯಾವುದು ಎಂಬುದನ್ನು ಯಾವ ಉಪಕರಣವೂ ಇಲ್ಲದೆ ಕಂಡುಹಿಡಿಯಬಹುದು. 80ಡಿ ಮೆನುವಿನಲ್ಲಿ ಬ್ಯಾಟರಿ ಮಾಹಿತಿಯ ಪುಟವಿದ್ದು, ಉಳಿದ ಚಾರ್ಜನ್ನು ಶೇಕಡಾ ಲೆಕ್ಕದಲ್ಲಿಯೂ, ಚಾರ್ಜ್ ಹಿಡಿದಿಡುವ ಶಕ್ತಿಯನ್ನು ಮೂರು ಪುಟ್ಟ ಚೌಕಗಳಲ್ಲಿಯೂ ತೋರಿಸುತ್ತದೆ. ಮೂರೂ ಹಸಿರಾಗಿದ್ದರೆ ಬ್ಯಾಟರಿ ಚೆನ್ನಾಗಿದೆ, ಒಂದೇ ಕೆಂಪು ಚೌಕ ಉಳಿದಿದ್ದರೆ ಹೊಸದನ್ನು ಕೊಳ್ಳಬೇಕು. ಎರಡನ್ನೂ ಪೂರ್ತಿ ಚಾರ್ಜ್ ಮಾಡಿ ನಾಲ್ಕು ದಿನ ಕಪಾಟಿನಲ್ಲಿ ಬಿಡಿಯಾಗಿಡಿ, ಬಳಿಕ ಈ ಪುಟವನ್ನು ನೋಡಿ. ಆಗಲೇ ಗಣನೀಯವಾಗಿ ಇಳಿದಿದ್ದರೆ ದೋಷ ಬ್ಯಾಟರಿಯದೇ. ಇಳಿದಿಲ್ಲವೆಂದರೆ ಗ್ರಿಪ್ ಕಳಚಿ, ಕ್ಯಾಮೆರಾದ ಬ್ಯಾಟರಿ ಮುಚ್ಚಳವನ್ನು ಮತ್ತೆ ಸೇರಿಸಿ, ಒಂದು ಬ್ಯಾಟರಿ ಹಾಕಿ ನಾಲ್ಕು ದಿನ ಆಫ್ ಮಾಡಿಡಿ. (ಮುಚ್ಚಳ ಎಲ್ಲಿಟ್ಟಿರೆಂದು ಮನೆಯೆಲ್ಲ ಹುಡುಕುವ ಮೊದಲು, ಕ್ಯಾಮೆರಾದೊಳಗೆ ಹೋಗುವ ಗ್ರಿಪ್‌ನ ಭಾಗವನ್ನು ನೋಡಿ, ಅದನ್ನು ಸಿಕ್ಕಿಸಿಡುವ ಜಾಗ ಅನೇಕ ಗ್ರಿಪ್‌ಗಳಲ್ಲಿ ಅಲ್ಲೇ ಇರುತ್ತದೆ.) ಇಲ್ಲಿಯೂ ಚಾರ್ಜ್ ಇಳಿಯದೆ ಉಳಿದರೆ, ಸೋರುತ್ತಿರುವುದು ಗ್ರಿಪ್ ಎಂಬುದರಲ್ಲಿ ಸಂಶಯವಿಲ್ಲ.

ಎರಡು ಬ್ಯಾಟರಿ ಹಾಕುವ ಗ್ರಿಪ್‌ನಲ್ಲಿ ಒಂದರ ಕರೆಂಟು ಇನ್ನೊಂದಕ್ಕೆ ಹಿಮ್ಮುಖವಾಗಿ ಹರಿಯದಂತೆ ತಡೆಯುವ ಏರ್ಪಾಡು ಇರಬೇಕು. ಅಗ್ಗದ ಗ್ರಿಪ್‌ಗಳಲ್ಲಿ ಕೈಬಿಟ್ಟುಹೋಗುವುದು ಹೆಚ್ಚಾಗಿ ಇಂಥ ಕಣ್ಣಿಗೆ ಕಾಣದ ಕೆಲಸವೇ. ಆದ್ದರಿಂದ ಒಂದು ತುಂಬಿದ ಬ್ಯಾಟರಿಯ ಜೊತೆ ಅರ್ಧ ಮುಗಿದ ಇನ್ನೊಂದನ್ನು, ಹೊಸದರ ಜೊತೆ ಹಳೆಯದನ್ನು ಸೇರಿಸಬೇಡಿ. ಒಟ್ಟಿಗೆ ಕೊಂಡ ಎರಡಕ್ಕೆ ಮಾರ್ಕರ್‌ನಿಂದ ಒಂದೇ ಗುರುತು ಹಾಕಿ, ಜೊತೆಯಾಗಿಯೇ ಬಳಸಿ, ಜೊತೆಯಾಗಿಯೇ ಚಾರ್ಜ್ ಮಾಡಿ.

ಕೊಡಗಿನವರಿಗೆ ತೇವದ ಕಾಟವೂ ಇದೆ. ಕಕ್ಕಡ ತಿಂಗಳ ಮಳೆಯಲ್ಲಿ ಬೀರುವಿನ ಬಟ್ಟೆಗೇ ಬೂಸ್ಟು ಬರುವ ಮನೆಯಲ್ಲಿ ಗ್ರಿಪ್‌ನ ಲೋಹದ ಸಂಪರ್ಕಗಳು ಮಾತ್ರ ಹೊಳೆಯುತ್ತಿರಲು ಸಾಧ್ಯವಿಲ್ಲ. ಅವುಗಳ ಮೇಲೆ ಮಂಕು ಪದರ ಕೂತರೆ ಚಾರ್ಜ್ ಇದ್ದರೂ ಕ್ಯಾಮೆರಾ ಇಲ್ಲವೆನ್ನುತ್ತದೆ, ಅಥವಾ ನಡುನಡುವೆ ತಾನಾಗಿ ಆಫ್ ಆಗುತ್ತದೆ. ಅನೇಕರು ಬ್ಯಾಟರಿ ಖಾಲಿಯಾಯಿತೆಂದು ತಿಳಿಯುವುದು ಇದನ್ನೇ. ಒಣ ಹತ್ತಿ ಬಟ್ಟೆಯಿಂದ ಒರೆಸಿ, ಹೋಗದಿದ್ದರೆ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲನ್ನು ತುಸು ತಾಗಿಸಿ ಉಜ್ಜಿ. ಗ್ರಿಪ್ ಬಿಗಿಮಾಡುವ ತಿರುಪು ಸಡಿಲವಾಗಿದ್ದರೂ ಇದೇ ಲಕ್ಷಣ ಕಾಣುತ್ತದೆ.

ಚಿತ್ರ ತೆಗೆಯುವಾಗಿನ ಖರ್ಚಿನ ಬಗ್ಗೆ ಒಂದೇ ಅಂಕಿ ಸಾಕು: ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು ತೆಗೆದರೆ ಒಂದು ಬ್ಯಾಟರಿಯಲ್ಲಿ ಸುಮಾರು 960 ಚಿತ್ರ, ಹಿಂದಿನ ಪರದೆಯ ಲೈವ್ ವ್ಯೂನಲ್ಲಿ ತೆಗೆದರೆ ಸುಮಾರು 300 ಎಂಬುದು 80ಡಿಗೆ ಕ್ಯಾನನ್ ಕೊಟ್ಟಿರುವ ಲೆಕ್ಕ. ಗ್ರಿಪ್ ಇದೆಯೆಂಬ ಧೈರ್ಯದಲ್ಲಿ ಪರದೆ ಉರಿಸಿಕೊಂಡೇ ಇದ್ದರೆ ಎರಡು ಬ್ಯಾಟರಿ ಸೇರಿಯೂ ಒಂದರ ಕೆಲಸ ಮಾಡುವುದಿಲ್ಲ. ವೈಫೈ ಬೇಡದಾಗ ಅದನ್ನೂ ಆಫ್ ಮಾಡಿ.

ಗ್ರಿಪ್‌ನದೇ ಸೋರಿಕೆ ಎಂದು ಖಚಿತವಾದರೆ, ಗ್ಯಾರಂಟಿ ಅವಧಿ ಇನ್ನೂ ಇದ್ದಲ್ಲಿ ಹಿಂತಿರುಗಿಸಿ. ಮುಗಿದಿದ್ದರೆ ರಿಪೇರಿಗೆ ಹಣ ಸುರಿಯಬೇಡಿ. ಕೆಲಸ ಮುಗಿದ ಕೂಡಲೇ ಬ್ಯಾಟರಿಯ ಟ್ರೇ ಹೊರಗೆಳೆಯುವುದನ್ನು ರೂಢಿ ಮಾಡಿಕೊಂಡರೆ ಅದೇ ಗ್ರಿಪ್ ಇನ್ನೂ ಹಲವು ಮದುವೆಗಳಿಗೆ ಸಾಕಾಗುತ್ತದೆ. ತೆಗೆದ ಬ್ಯಾಟರಿಗೆ ಅದರ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಕ್ಯಾನನ್ ಮುಚ್ಚಳದಲ್ಲಿ ಬ್ಯಾಟರಿಯ ಆಕಾರದ ಪುಟ್ಟ ಕಿಂಡಿ ಇದ್ದು, ಒಂದು ದಿಕ್ಕಿನಲ್ಲಿ ಹಾಕಿದರೆ ಅದರಲ್ಲಿ ನೀಲಿ ಬಣ್ಣ ಕಾಣುತ್ತದೆ, ತಿರುಗಿಸಿ ಹಾಕಿದರೆ ಕಾಣುವುದಿಲ್ಲ. ನೀಲಿ ಕಂಡರೆ ಚಾರ್ಜ್ ಆಗಿದೆ ಎಂದು ಇಟ್ಟುಕೊಳ್ಳಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕೆಲಸವಿಲ್ಲದಿದ್ದರೆ ಪೂರ್ತಿ ತುಂಬಿಸಿಯೂ ಅಲ್ಲ, ಪೂರ್ತಿ ಬರಿದಾಗಿಸಿಯೂ ಅಲ್ಲ, ಅರ್ಧ ಚಾರ್ಜಿನಲ್ಲಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಮದುವೆಗೆ ಎರಡು ದಿನ ಮೊದಲೇ ಚಾರ್ಜಿಗೆ ಹಾಕಿ; ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಬರುವುದು ಯಾವಾಗೆಂದು ನಿಮಗೆ ನಾನು ಹೇಳಬೇಕಾಗಿಲ್ಲ.