ಯುದ್ಧಕ್ಕೆ ಎರಡು ಸಲವೂ ‘ಬೇಡ’ ಎಂದ ಜೀನೆಟ್ ರ‍್ಯಾಂಕಿನ್

1941ರ ಡಿಸೆಂಬರ್ 8. ಪರ್ಲ್ ಹಾರ್ಬರ್ ಮೇಲೆ ಜಪಾನ್ ಬಾಂಬ್ ಹಾಕಿದ ಮರುದಿನ. ಯುದ್ಧ ಘೋಷಣೆಯ ನಿರ್ಣಯ ಅಮೆರಿಕದ ಪ್ರತಿನಿಧಿ ಸಭೆಯ ಮುಂದೆ ಬಂದಿತ್ತು. ಮೊಂಟಾನಾದ ಜೀನೆಟ್ ರ‍್ಯಾಂಕಿನ್ ಮಾತಾಡಲು ಎದ್ದರು, ಸ್ಪೀಕರ್ ಬಿಡಲಿಲ್ಲ. ಹೆಸರು ಕೂಗಿದಾಗ ‘ಬೇಡ’ ಎಂದರು. ಪರ 388, ವಿರುದ್ಧ 1. ಸಭೆಯಿಂದ ಹೊರಬಂದವರನ್ನು ಜನ ಮುತ್ತಿಕೊಂಡಾಗ ಟೆಲಿಫೋನ್ ಬೂತಿನೊಳಗೆ ಹೊಕ್ಕರು. ಪೊಲೀಸರು ಬಂದು ಕಚೇರಿಗೆ ಕರೆದೊಯ್ಯಬೇಕಾಯಿತು. ಆಗ ಅವರಿಗೆ 61 ವರ್ಷ.

ಅದು ಆ ಹೊತ್ತಿನ ಹಟವಲ್ಲ. ಮಿಸೂಲಾ ಊರಿನ ಬಳಿ 1880ರಲ್ಲಿ ಹುಟ್ಟಿದ ರ‍್ಯಾಂಕಿನ್ ಹೆಣ್ಣುಮಕ್ಕಳ ಮತದಾನದ ಹಕ್ಕಿಗಾಗಿ ಊರೂರು ತಿರುಗಿದವರು. ಮೊಂಟಾನಾದಲ್ಲಿ ಆ ಹಕ್ಕು 1914ರಲ್ಲಿ ಸಿಕ್ಕಿತು; ಎರಡೇ ವರ್ಷದಲ್ಲಿ ಅವರು ರಿಪಬ್ಲಿಕನ್ ಪಕ್ಷದಿಂದ ಗೆದ್ದು ಅಮೆರಿಕದ ಕಾಂಗ್ರೆಸ್ಸಿನ ಮೊದಲ ಮಹಿಳೆಯಾದರು. 1917ರ ಏಪ್ರಿಲ್ 2ರಂದು ಸದನಕ್ಕೆ ಬಂದರು. ಅದೇ ಸಂಜೆ ಅಧ್ಯಕ್ಷ ವಿಲ್ಸನ್ ಜರ್ಮನಿಯ ಮೇಲೆ ಯುದ್ಧ ಸಾರಬೇಕೆಂದು ಕೇಳಿದರು. ನಾಲ್ಕು ದಿನದ ಬಳಿಕ, ದೇಶದ ಜೊತೆ ನಿಲ್ಲುವ ಆಸೆಯಿದೆ, ಆದರೆ ಯುದ್ಧಕ್ಕೆ ಮತ ಹಾಕಲಾರೆ ಎಂದರು ರ‍್ಯಾಂಕಿನ್.

ಅವತ್ತು ವಿರೋಧಿಸಿದವರು 50 ಮಂದಿ. ಅವರಲ್ಲಿ 49 ಗಂಡಸರು. ಆದರೂ ಹೆಂಗಸಿನ ಎದೆ ಗಟ್ಟಿಯಿಲ್ಲ ಎಂಬ ಮಾತು ಬಂದದ್ದು ರ‍್ಯಾಂಕಿನ್ ಒಬ್ಬರ ಮೇಲೆ. ಮತದಾನದ ಹೋರಾಟದ ಕೆಲವು ಸಂಗಾತಿಯರೂ ಮುನಿಸಿಕೊಂಡರು. ಇದು ನನಗೆ ಇಂದಿಗೂ ನೋವಿನ ಸಂಗತಿ. ಏಕೆಂದರೆ ಮಹಿಳೆಯರಿಗೆ ಮತದ ಹಕ್ಕು ಕೊಡುವ ತಿದ್ದುಪಡಿಯ ಚರ್ಚೆಯನ್ನು 1918ರ ಜನವರಿಯಲ್ಲಿ ಸದನದಲ್ಲಿ ಆರಂಭಿಸಿದವರೂ ಇವರೇ. ಜಗತ್ತಿನ ಪ್ರಜಾಪ್ರಭುತ್ವಕ್ಕಾಗಿ ಯುದ್ಧಕ್ಕಿಳಿದ ಕಾಂಗ್ರೆಸ್ಸು ತನ್ನ ಹೆಣ್ಣುಮಕ್ಕಳಿಗೆ ಅದರ ಚಿಕ್ಕ ಪಾಲನ್ನೂ ಕೊಡದಿದ್ದರೆ ಹೇಗೆ ಎಂದು ಕೇಳಿದರು. ತಿದ್ದುಪಡಿ ದೇಶದಲ್ಲಿ ಜಾರಿಯಾದದ್ದು 1920ರಲ್ಲಿ.

ಅಷ್ಟರಲ್ಲಿ ಮೊಂಟಾನಾದ ಕ್ಷೇತ್ರಗಳನ್ನು ವಿಂಗಡಿಸಿದ್ದರಿಂದ ಅವರಿಗೆ ಗೆಲ್ಲುವ ನೆಲೆ ತಪ್ಪಿತ್ತು. 1918ರಲ್ಲಿ ಸೆನೆಟ್‌ಗೆ ಪ್ರಯತ್ನಿಸಿ ಸೋತರು. ಮತ್ತೆ ಗೆದ್ದದ್ದು 1940ರಲ್ಲಿ, ಯುದ್ಧ ಬೇಡವೆಂದೇ ಪ್ರಚಾರ ಮಾಡಿ. ಪರ್ಲ್ ಹಾರ್ಬರ್ ನಂತರ ಆ ಮಾತಿಗೆ ಕಿವಿಗೊಡುವವರಿರಲಿಲ್ಲ. 1942ರಲ್ಲಿ ಅವರು ಸ್ಪರ್ಧಿಸಲಿಲ್ಲ.

ಗಾಂಧೀಜಿಯ ಅಹಿಂಸೆಯನ್ನು ಅರಿಯುವ ಹಂಬಲ ಅವರನ್ನು 1946ರಿಂದ ಏಳು ಬಾರಿ ಭಾರತಕ್ಕೆ ಕರೆತಂದಿತು. ವಿಯೆಟ್ನಾಂ ಯುದ್ಧದ ವಿರುದ್ಧ 1968ರ ಜನವರಿಯಲ್ಲಿ, 87ರ ಹರೆಯದಲ್ಲಿ, ಸಾವಿರಾರು ಹೆಂಗಸರ ಮುಂದೆ ವಾಷಿಂಗ್ಟನ್ನಿನಲ್ಲಿ ನಡೆದರು. ವಿಯೆಟ್ನಾಂನಲ್ಲಿ ಯುದ್ಧ ಸಾರುವ ನಿರ್ಣಯವನ್ನು ಕಾಂಗ್ರೆಸ್ ಮಾಡಿರಲೇ ಇಲ್ಲ. ಅಂಥ ಅಧಿಕೃತ ಘೋಷಣೆಗಳು 1942ಕ್ಕೇ ನಿಂತಿವೆ.

ರ‍್ಯಾಂಕಿನ್ 1973ರಲ್ಲಿ ತೀರಿಕೊಂಡರು. 2001ರ ಸೆಪ್ಟೆಂಬರ್ 14ರಂದು ಅದೇ ಸದನದಲ್ಲಿ, ಸೇನಾಬಲ ಬಳಸುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಡುವ ನಿರ್ಣಯಕ್ಕೆ ಬಿದ್ದ ಮತ 420. ವಿರುದ್ಧ ಒಂದೇ: ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ. ಬೆದರಿಕೆಗಳು ಬಂದು ಅವರಿಗೂ ಪೊಲೀಸ್ ಕಾವಲು ಬೇಕಾಯಿತು.