ವರ್ಕ್‌ಲೋಡ್‌ಗೆ ಕನ್ನಡದಲ್ಲಿ ಏನನ್ನಬೇಕು: ಹೊರೆಯಾ, ಒತ್ತಡವಾ, ಕಾರ್ಯಭಾರವಾ?

ಓದುಗರ ಪ್ರಶ್ನೆ: ವರ್ಕ್‌ಲೋಡ್ ಅನ್ನೋದಕ್ಕೆ ಒಂದು ಕಡೆ ‘ಕೆಲಸದ ಹೊರೆ’ ಅಂತ ಬರೆದಿರುತ್ತಾರೆ, ಇನ್ನೊಂದು ಕಡೆ ‘ಕೆಲಸದ ಒತ್ತಡ’. ಕಾಲೇಜಿನ ಸುತ್ತೋಲೆ ನೋಡಿದರೆ ಅಲ್ಲಿ ‘ಕಾರ್ಯಭಾರ’. ಎಲ್ಲಾ ಒಂದೇನಾ? ಯಾವುದು ಸರಿ?

ಒಂದೇ ಅಲ್ಲ. ಬೇಕಾದರೆ ಮೂರರ ಮುಂದೆಯೂ ‘ಕಮ್ಮಿ ಆಯ್ತು’ ಅಂತ ಸೇರಿಸಿ ನೋಡಿ. ಹೊರೆ ಕಮ್ಮಿ ಆಯ್ತು ಅಂದವರಿಗೆ ಮೈ ಹಗುರ. ಒತ್ತಡ ಕಮ್ಮಿ ಆಯ್ತು ಅಂದವರಿಗೆ ರಾತ್ರಿ ನಿದ್ದೆ. ಆದರೆ ‘ಈ ವರ್ಷ ಕಾರ್ಯಭಾರ ಕಮ್ಮಿ ಆಯ್ತು’ ಅಂತ ಒಬ್ಬ ಅತಿಥಿ ಉಪನ್ಯಾಸಕರಿಗೆ ಹೇಳಿ. ಮುಖ ಸಪ್ಪಗಾಗುತ್ತದೆ. ಅವರಿಗೆ ಕೆಲಸ ಸಿಗೋದೇ ಕಾಯಂ ಅಧ್ಯಾಪಕರಿಗೆ ಹಂಚಿ ಉಳಿದ ಪಾಠದ ಗಂಟೆಗಳಿಂದ. ಆ ಗಂಟೆಗಳೇ ಇಲ್ಲ ಅಂದರೆ ಅವರಿಗೆ ಕೆಲಸವೂ ಇಲ್ಲ.

ಹೆಸರಿನಲ್ಲಿ ‘ಭಾರ’ ಇದ್ದರೂ ಕಾರ್ಯಭಾರ ಅನ್ನೋದು ಬರೀ ಲೆಕ್ಕ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕು. ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ ಅದು 14 ಗಂಟೆ. ಇಂಥ ಕಡೆ ‘ಹೊರೆ’ ಅಂತ ಬರೆದರೆ ಸರಿಹೋಗಲ್ಲ. ‘ವಾರಕ್ಕೆ 16 ಗಂಟೆಗಳ ಹೊರೆ’ ಅಂದರೆ ಆದೇಶವೇ ಗೊಣಗಿದ ಹಾಗಿರುತ್ತದೆ, ಅಲ್ವಾ? ಅಂದಹಾಗೆ, ಕಾರ್ಯಭಾರವನ್ನು ‘ಪ್ರಭಾರ’ದ ಜೊತೆ ಬೆರೆಸಬೇಡಿ. ಪ್ರಭಾರ ಅಂದರೆ ಖಾಲಿ ಇರುವ ಹುದ್ದೆಯನ್ನು ಸದ್ಯಕ್ಕೆ ನೋಡಿಕೊಳ್ಳೋದು.

ಹೊರೆ ನಮ್ಮದೇ ಪದ, ‘ಹೊರು’ ಅನ್ನೋದರಿಂದ ಬಂದದ್ದು. ಹುಲ್ಲಿನ ಹೊರೆ, ಸೌದೆ ಹೊರೆ ಅನ್ನುತ್ತೇವಲ್ಲ, ಅದೇ. ಒಬ್ಬರು ತಲೆ ಮೇಲೆ ಹೊರುವಷ್ಟು ಕಟ್ಟಿದರೆ ಅದೊಂದು ಹೊರೆ. ಅಂದರೆ ಮೊದಲು ಇದೂ ಒಂದು ಅಳತೆಯೇ. ಆದರೆ ದೊಡ್ಡ ಹೊರೆಯನ್ನು ಒಬ್ಬರೇ ತಲೆಗೆ ಏರಿಸಿಕೊಳ್ಳೋದು ಕಷ್ಟ, ಇನ್ನೊಬ್ಬರು ಕೈಕೊಟ್ಟು ಹೊರಿಸಬೇಕು. ಈ ‘ಹೊರಿಸು’ ಮಾತಿನೊಳಗೆ ಹೇಗೆ ಬಂದು ಕೂತಿದೆ ನೋಡಿ: ತಪ್ಪು ಹೊರಿಸಿದರು, ಆರೋಪ ಹೊರಿಸಿದರು, ಎಲ್ಲಾ ಕೆಲಸ ನನ್ನ ಮೇಲೇ ಹೊರಿಸಿದರು. ಅದಕ್ಕೇ ಸಾಲದ ಹೊರೆ, ತೆರಿಗೆ ಹೊರೆ ಅಂದಾಗ ಯಾರೂ ಖುಷಿಯಿಂದ ಹೇಳುತ್ತಿರೋದಿಲ್ಲ. ಕೆಲಸದ ಹೊರೆಯೂ ಹಾಗೇ. ಬಾಯಿಗೆ ಬರುವಾಗಲೇ ದೂರು ಜೊತೆಗಿರುತ್ತದೆ.

ಹಾಗಾಗಿ ಸಿಬ್ಬಂದಿಗೆ ಕೊಡುವ ಪ್ರಶ್ನಾವಳಿಯಲ್ಲಿ ‘ನಿಮ್ಮ ಕೆಲಸದ ಹೊರೆ ಎಷ್ಟು?’ ಅಂತ ಕೇಳೋದು ನನಗೆ ಒಪ್ಪಿಗೆಯಿಲ್ಲ. ಜಾಸ್ತಿ ಅನ್ನೋ ಉತ್ತರ ಪ್ರಶ್ನೆಯಲ್ಲೇ ಇದೆ. ‘ದಿನಕ್ಕೆ ಎಷ್ಟು ಕೆಲಸ ಇರುತ್ತದೆ?’ ಅಂತ ಕೇಳಿದರೆ ಸಾಕು. ಎಷ್ಟೋ ಸಲ ಬರೀ ‘ಕೆಲಸ’ ಅಂದರೆ ಮುಗೀತು. ‘ಈ ವಾರ ಕೆಲಸ ಜಾಸ್ತಿ’ ಅಂದಮೇಲೆ ಅಲ್ಲಿ ಹೊರೆ, ಭಾರ ಯಾವುದೂ ಬೇಕಿಲ್ಲ.

ಒತ್ತಡದ ವಿಷಯ ಸುಲಭ. ಅದು ‘ಒತ್ತು’ವಿನಿಂದ ಬಂತು, ಅದಕ್ಕೂ ಕೆಲಸದ ಪ್ರಮಾಣಕ್ಕೂ ನೇರ ನಂಟಿಲ್ಲ. ಮೇಜಿನ ಮೇಲೆ ಒಂದೇ ಒಂದು ಕಡತ ಇದ್ದು, ಸಂಜೆ 5ಕ್ಕೆ ಮುಗಿಸಲೇಬೇಕು ಅಂದರೆ ಅದು ಒತ್ತಡ. ಐವತ್ತು ಕಡತ ಇದ್ದೂ ಯಾರೂ ಕೇಳೋರಿಲ್ಲ ಅಂದರೆ ರಾಶಿ ಕೆಲಸ ಇದೆ, ಒತ್ತಡ ಇಲ್ಲ.

ಇನ್ನು ‘ಕೈತುಂಬ ಕೆಲಸ’. ಹೊರೆ ಅಂದವರಿಗೆ ಇರುವಷ್ಟೇ ಕೆಲಸ ಇವರಿಗೂ ಇರಬಹುದು, ಆದರೆ ದನಿ ಬೇರೆ. ಹೊಸದಾಗಿ ಅಂಗಡಿ ಇಟ್ಟ ದರ್ಜಿ ‘ಕೈತುಂಬ ಕೆಲಸ ಇದೆ’ ಅಂದರೆ ನಾಲ್ಕು ಕಾಸು ಬರುತ್ತಿದೆ ಅಂತ ಅರ್ಥ. ಅದೇ ದರ್ಜಿ ಹಬ್ಬದ ಹಿಂದಿನ ದಿನ ‘ತಲೆ ಕೆರೆದುಕೊಳ್ಳೋಕೂ ಪುರುಸೊತ್ತಿಲ್ಲ’ ಅನ್ನುತ್ತಾರೆ.

ನನಗೆ ಎಲ್ಲಕ್ಕಿಂತ ಹಿಡಿಸೋದು ಹೊಲಗದ್ದೆಯ ಲೆಕ್ಕ. ಅಲ್ಲಿ ಕೆಲಸವನ್ನು ಅಳೆಯೋದು ಆಳಿನಿಂದ. ‘ಈ ಗದ್ದೆ ನಾಟಿ ಹತ್ತಾಳಿನ ಕೆಲಸ’ ಅಂದರೆ ಹತ್ತು ಜನ ಒಂದು ದಿನ ಮಾಡುವಷ್ಟು. ಐದೇ ಜನ ಬಂದರೆ ಎರಡು ದಿನ. ಉದ್ಯೋಗ ಖಾತರಿ ಯೋಜನೆಯ ವರದಿಗಳಲ್ಲಿ ಬರುವ ‘ಮಾನವ ದಿನ’ ಕೂಡ ಇದೇ ಲೆಕ್ಕ, ಸ್ವಲ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದೆ ಅಷ್ಟೆ. ಈ ಅಳತೆಯಲ್ಲಿ ಗೊಣಗಾಟವೂ ಇಲ್ಲ, ಜಂಬವೂ ಇಲ್ಲ.

ಕಚೇರಿಯಲ್ಲಿ ‘ಆಳು’ ಅಂದರೆ ಯಾರಿಗಾದರೂ ಚುಚ್ಚಬಹುದು, ಆ ಪದ ಬಿಡಿ. ಲೆಕ್ಕ ಮಾತ್ರ ಇಟ್ಟುಕೊಳ್ಳಿ. ಮೇಲಿನವರಿಗೆ ‘ನನಗೆ ಕೆಲಸದ ಹೊರೆ ಜಾಸ್ತಿಯಾಗಿದೆ’ ಅಂತ ಬರೆದರೆ ಅವರು ‘ನನಗೂ ಅಷ್ಟೇ’ ಅಂದುಬಿಡಬಹುದು. ‘ಮೊದಲು ಇಬ್ಬರು ಮಾಡುತ್ತಿದ್ದ ಕೆಲಸ ಈಗ ನನ್ನೊಬ್ಬನ ಮೇಲೆ ಬಿದ್ದಿದೆ’ ಅಂತ ಬರೆಯಿರಿ, ಆಮೇಲೆ ಉತ್ತರ ಏನು ಬರುತ್ತದೆ ನೋಡಿ.