ಕ್ಲೈಮ್ ದುಡ್ಡು ಅಕೌಂಟಿಗೆ ಬಂತು, ಟ್ಯಾಕ್ಸ್ ಕಟ್ಟಬೇಕಾ?

ಪ್ರಶ್ನೆ: ಅಮ್ಮನ ಮಂಡಿ ಆಪರೇಷನ್‌ಗೆ 2,60,000 ರೂಪಾಯಿ ಆಯಿತು. ಮೊದಲು ನಾನೇ ಕಟ್ಟಿದೆ. ಆಮೇಲೆ ಇನ್ಶೂರೆನ್ಸ್‌ನವರು 2,34,000 ನನ್ನ ಅಕೌಂಟಿಗೆ ಹಾಕಿದರು. ಉಳಿದ 26,000 ಟಿಡಿಎಸ್ (ಹಣ ಕೊಡುವವರೇ ಹಿಡಿದು ಸರ್ಕಾರಕ್ಕೆ ಕಟ್ಟುವ ಟ್ಯಾಕ್ಸ್) ಅಂತ ಹಿಡಿದುಕೊಂಡಿದ್ದಾರೆ. ಕ್ಯಾಶ್‌ಲೆಸ್ ಮಾಡಿಸಿದ್ದರೆ ಟ್ಯಾಕ್ಸೇ ಬರುತ್ತಿರಲಿಲ್ಲ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಈ ಹಣವನ್ನು ರಿಟರ್ನ್‌ನಲ್ಲಿ ಎಲ್ಲಿ ತೋರಿಸಬೇಕು?

ಉತ್ತರ: ಎಲ್ಲೂ ತೋರಿಸಬೇಕಾಗಿಲ್ಲ. ಟ್ಯಾಕ್ಸ್ ಇಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಜುಲೈ ಬಂತೆಂದರೆ ಇದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತದೆ. ಒಬ್ಬರದು ಮಂಡಿ, ಇನ್ನೊಬ್ಬರದು ಸ್ಟೆಂಟ್, ಮತ್ತೊಬ್ಬರದು ಹೆರಿಗೆ. ಪಕ್ಕದ ಮನೆಯವರು ಮಾತ್ರ ಎಲ್ಲ ಪತ್ರಗಳಲ್ಲೂ ಅವರೇ! ಹಾಗಾಗಿ ಇವತ್ತು ಅವರಿಗೇ ಉತ್ತರ ಕೊಡುತ್ತೇನೆ.

ಅವರ ವಾದ ಇಷ್ಟು. ಕ್ಯಾಶ್‌ಲೆಸ್‌ನಲ್ಲಿ ಹಣ ನೇರ ಆಸ್ಪತ್ರೆಗೆ ಹೋಗುತ್ತದೆ, ಅದಕ್ಕೆ ಟ್ಯಾಕ್ಸ್ ಇಲ್ಲ. ರೀಇಂಬರ್ಸ್‌ಮೆಂಟ್‌ನಲ್ಲಿ ನಿಮ್ಮ ಅಕೌಂಟಿಗೆ ಬರುತ್ತದೆ, ಅಕೌಂಟಿಗೆ ಬಂದದ್ದೆಲ್ಲ ಆದಾಯ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಬಾಡಿಗೆ ಮನೆ ಬಿಟ್ಟಾಗ ಓನರ್ ಅಡ್ವಾನ್ಸ್ ವಾಪಸ್ ಹಾಕುತ್ತಾರಲ್ಲ, ಅದನ್ನು ಆದಾಯ ಅಂತೀರಾ? ಸ್ನೇಹಿತ ಕೈಸಾಲ ತೀರಿಸಿದರೆ? ಅದೂ ಅಕೌಂಟಿಗೇ ಬರುವುದು.

ನಿಮ್ಮದೇ ಲೆಕ್ಕ ತೆಗೆದುಕೊಳ್ಳಿ. ಆಪರೇಷನ್‌ಗೆ ಮುಂಚೆ ನಿಮ್ಮ ಹತ್ತಿರ 5,00,000 ಇತ್ತು ಅಂದುಕೊಳ್ಳೋಣ. ಆಸ್ಪತ್ರೆಗೆ 2,60,000 ಕೊಟ್ಟಿರಿ, 2,40,000 ಉಳಿಯಿತು. ಕ್ಲೈಮ್ 2,34,000 ಬಂತು. ಈಗ ಇರುವುದು 4,74,000. ಐದು ಲಕ್ಷ ದಾಟಿತಾ? ದಾಟುವುದಿರಲಿ, 26,000 ಕಮ್ಮಿಯೇ ಆಗಿದೆ. ಕೈಯಿಂದ ಹೋದದ್ದೇ ಪೂರ್ತಿ ವಾಪಸ್ ಬಂದಿಲ್ಲ, ಅದರಲ್ಲಿ ಆದಾಯ ಎಲ್ಲಿಂದ ಹುಡುಕುತ್ತೀರಿ? ಕ್ಯಾಶ್‌ಲೆಸ್ ಮಾಡಿಸಿದ್ದರೂ ಕೊನೆಗೆ ಉಳಿಯುತ್ತಿದ್ದದ್ದು ಇದೇ 4,74,000. ದುಡ್ಡು ಬಂದ ದಾರಿ ಬೇರೆ, ಅಷ್ಟೇ.

ಮೆಡಿಕ್ಲೈಮ್ ಪಾಲಿಸಿ ಇರುವುದೇ ಹೀಗೆ. ಆದ ಖರ್ಚನ್ನು ತುಂಬಿಕೊಡುತ್ತದೆ, ಅದರ ಮೇಲೆ ಒಂದು ರೂಪಾಯಿ ಕೊಡುವುದಿಲ್ಲ. ಎರಡು ಪಾಲಿಸಿ ಇದ್ದರೂ ಒಂದೇ ಬಿಲ್ಲಿಗೆ ಎರಡು ಕಡೆಯಿಂದ ಪೂರ್ತಿ ಹಣ ಸಿಗುವುದಿಲ್ಲ. ಒಂದರಲ್ಲಿ ಬಾಕಿ ಉಳಿದದ್ದನ್ನು ಇನ್ನೊಂದರಲ್ಲಿ ಕೇಳಬಹುದು.

ಇನ್ನು ಆ 26,000. ಬಿಲ್ಲಿನ ಸರಿಯಾಗಿ 10% ಇದೆ, ನೋಡಿದ ತಕ್ಷಣ ಟಿಡಿಎಸ್ ಅನ್ನಿಸುವುದು ಸಹಜ. ಇನ್ಶೂರೆನ್ಸ್‌ನವರು ಕಳಿಸಿದ ಸೆಟಲ್‌ಮೆಂಟ್ ಲೆಟರ್ ತೆಗೆದು ನೋಡಿ. ಹತ್ತರಲ್ಲಿ ಒಂಬತ್ತು ಪಾಲು ಅಲ್ಲಿ ಕೋ-ಪೇ ಎಂದಿರುತ್ತದೆ. ಹಿರಿಯರ ಪಾಲಿಸಿಗಳಲ್ಲಿ ಇದು ಮಾಮೂಲು: ಬಿಲ್ಲಿನಲ್ಲಿ ಇಷ್ಟು ಪಾಲು ನಿಮ್ಮದು ಎಂದು ಮೊದಲೇ ಬರೆದಿರುತ್ತಾರೆ, ನಾವು ಓದದೆ ಸಹಿ ಹಾಕಿರುತ್ತೇವೆ. ಇನ್ನು ಕೆಲವರಿಗೆ ಗ್ಲೌಸ್, ರೂಮ್ ಬಾಡಿಗೆ, ಅಡ್ಮಿಷನ್ ಚಾರ್ಜು ಅಂತ ಕತ್ತರಿಸಿರುತ್ತಾರೆ. ಯಾವುದೂ ಸರ್ಕಾರಕ್ಕೆ ಹೋಗಿರುವುದಿಲ್ಲ. ಅನುಮಾನ ಇದ್ದರೆ ನಿಮ್ಮ 26ಎಎಸ್, ಅಂದರೆ ನಿಮ್ಮ ಹೆಸರಲ್ಲಿ ಹಿಡಿದ ಟ್ಯಾಕ್ಸಿನ ಪಟ್ಟಿ, ತೆರೆಯಿರಿ. ನಿಮ್ಮ ಪ್ಯಾನ್ ಮೇಲೆ ಟಿಡಿಎಸ್ ಹಿಡಿದಿದ್ದರೆ ಅಲ್ಲಿ ಕಾಣಲೇಬೇಕು.

ಹಾಗಂತ ಆಸ್ಪತ್ರೆ ಬಿಲ್ಲಿನಲ್ಲಿ ಟಿಡಿಎಸ್ ಇಲ್ಲವೇ ಇಲ್ಲ ಅಂತಲ್ಲ. ತಮಾಷೆ ಎಂದರೆ, ಇರುವುದು ಕ್ಯಾಶ್‌ಲೆಸ್‌ನಲ್ಲೇ! ಇನ್ಶೂರೆನ್ಸ್ ಕಂಪನಿಯ ಪರವಾಗಿ ಕ್ಲೈಮ್ ನೋಡಿಕೊಳ್ಳುವ ಟಿಪಿಎಯವರು ಆಸ್ಪತ್ರೆಗೆ ಹಣ ಕೊಡುವಾಗ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 194ಜೆ ಪ್ರಕಾರ ಟಿಡಿಎಸ್ ಹಿಡಿಯಬೇಕು ಎಂದು ನೇರ ತೆರಿಗೆ ಮಂಡಳಿ 2009ರಲ್ಲೇ ಸುತ್ತೋಲೆ ಹೊರಡಿಸಿದೆ. ಅದು ಆಸ್ಪತ್ರೆಯ ಆದಾಯದ ಮೇಲಿನ ಟ್ಯಾಕ್ಸ್. ರೋಗಿಗೂ ಅದಕ್ಕೂ ಸಂಬಂಧ ಇಲ್ಲ. ಯಾರೋ ಒಬ್ಬರು ಅಂಥ ಕಾಗದದಲ್ಲಿ ಟಿಡಿಎಸ್ ಎನ್ನುವ ಸಾಲು ಕಂಡು ಸುದ್ದಿ ಹಬ್ಬಿಸಿರಬೇಕು. ಪಕ್ಕದ ಮನೆಯವರು ಅದನ್ನೇ ತಿರುವಿ ಹಾಕಿದ್ದಾರೆ.

ಪ್ರೀಮಿಯಂಗೆ 80ಡಿ ವಿನಾಯಿತಿ (ಕಟ್ಟಿದ ಪ್ರೀಮಿಯಂ ಅನ್ನು ಆದಾಯದಿಂದ ಕಳೆಯುವ ಅವಕಾಶ) ತಗೊಂಡಿದ್ದೇನೆ, ಹಾಗಾದರೆ ಕ್ಲೈಮ್‌ಗೆ ಟ್ಯಾಕ್ಸ್ ಬೀಳುತ್ತದಾ ಎಂದು ಕೇಳುವವರೂ ಇದ್ದಾರೆ. ಇಲ್ಲ. ಆಸ್ಪತ್ರೆಯಲ್ಲಿದ್ದ ದಿನಕ್ಕೆ ಇಷ್ಟು ಎಂದು ಕೊಡುವ ಹಾಸ್ಪಿಟಲ್ ಕ್ಯಾಶ್, ದೊಡ್ಡ ಕಾಯಿಲೆ ಬಂದರೆ ಒಂದೇ ಗಂಟಾಗಿ ಕೊಡುವ ಹಣ, ಇವನ್ನೂ ಸಾಮಾನ್ಯವಾಗಿ ಆದಾಯ ಎಂದು ನೋಡುವುದಿಲ್ಲ.

ಟ್ಯಾಕ್ಸ್ ನಿಜವಾಗಿ ಬೀಳುವುದು ಕಂಪನಿ ಕೊಡುವ ದುಡ್ಡಿನ ಮೇಲೆ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ವರ್ಷಕ್ಕೆ 15,000ದವರೆಗೆ ಮೆಡಿಕಲ್ ಬಿಲ್ ಕೊಟ್ಟರೆ ಟ್ಯಾಕ್ಸ್ ಇಲ್ಲ ಎಂಬ ಸೌಲಭ್ಯ 2018-19ರಿಂದಲೇ ಇಲ್ಲ. ಅದರ ಬದಲು ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಬಿಲ್ ಕೇಳದೆ ಸಂಬಳದಿಂದ ಕಳೆಯುವ ಮೊತ್ತ, ಬಂತು. ಮೊದಲು 40,000 ಇತ್ತು, ಮರುವರ್ಷ 50,000 ಆಯಿತು. ಹೊಸ ತೆರಿಗೆ ಪದ್ಧತಿಯಲ್ಲಿ (ರೇಟು ಕಡಿಮೆ, ವಿನಾಯಿತಿಗಳೂ ಕಡಿಮೆ) ಈಗ 75,000. ಆದರೂ ಮಾರ್ಚ್ ಬಂದರೆ ಮೆಡಿಕಲ್ ಶಾಪಿನಿಂದ ಕಂತೆ ಬಿಲ್ ಹಿಡಿದು ಎಚ್‌ಆರ್ ಬಳಿ ಓಡುವವರಿದ್ದಾರೆ. ಸುಮ್ನೆ ಓಡಬೇಡಿ. ತಿಂಗಳ ಸಂಬಳದ ಜೊತೆ ಬರುವ ಮೆಡಿಕಲ್ ಅಲೋವೆನ್ಸಿಗೂ ಪೂರ್ತಿ ಟ್ಯಾಕ್ಸ್ ಇದೆ. ಕಂಪನಿಯದೇ ಆಸ್ಪತ್ರೆ ಅಥವಾ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಗೆ, ಇಲಾಖೆ ಒಪ್ಪಿದ ಆಸ್ಪತ್ರೆಯಲ್ಲಿ ನಿಗದಿತ ಕಾಯಿಲೆಗಳ ಚಿಕಿತ್ಸೆಗೆ ಕಂಪನಿ ಹಣ ಕೊಟ್ಟರೆ ಅದು ಸಂಬಳಕ್ಕೆ ಸೇರುವುದಿಲ್ಲ. ಕಂಪನಿ ಕಟ್ಟುವ ಗ್ರೂಪ್ ಇನ್ಶೂರೆನ್ಸ್ ಪ್ರೀಮಿಯಂ ಕೂಡ ಸೇರುವುದಿಲ್ಲ. ಆದರೆ ಕಂಪನಿ ಕಟ್ಟಿದ್ದಕ್ಕೆ ನೀವು 80ಡಿ ಕೇಳುವಂತಿಲ್ಲ. ನಿಮ್ಮ ಸಂಬಳದಿಂದ ಹಿಡಿದು ಕಟ್ಟಿದ್ದರೆ ಆ ಪಾಲನ್ನು ಕೇಳಬಹುದು.

ಇನ್ನೊಂದು ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಜೇಬಿನಿಂದ ಹೋದ ಆ 26,000ಕ್ಕಾದರೂ ಏನಾದರೂ ವಿನಾಯಿತಿ ಸಿಗುತ್ತಾ? ಸಿಗುವುದಿಲ್ಲ. 60 ದಾಟಿದವರ ಚಿಕಿತ್ಸೆ ಖರ್ಚಿಗೆ 80ಡಿಯಲ್ಲಿ 50,000ದವರೆಗೆ ಅವಕಾಶ ಇದೆ ನಿಜ. ಆದರೆ ಅವರ ಹೆಸರಿನಲ್ಲಿ ಹೆಲ್ತ್ ಇನ್ಶೂರೆನ್ಸ್ ಇರಬಾರದು. ಅಮ್ಮನಿಗೆ ಇದೆ. 80ಡಿಡಿಬಿಯಲ್ಲಿ ಕ್ಯಾನ್ಸರ್, ಕಿಡ್ನಿ ವೈಫಲ್ಯದಂಥ ಕಾಯಿಲೆಗಳಿಗೆ 40,000, ಹಿರಿಯರಿಗೆ 1,00,000 ಇದೆ. ಅದರಲ್ಲಿ ಮಂಡಿ ಬರುವುದಿಲ್ಲ. ಬರುವಂಥ ಕಾಯಿಲೆ ಇದ್ದವರೂ ಇನ್ಶೂರೆನ್ಸ್‌ನಿಂದ ಬಂದ ಹಣವನ್ನು ಆ ಮೊತ್ತದಿಂದ ಕಳೆದೇ ಕೇಳಬೇಕು. ಎಷ್ಟೋ ಜನ ಇದನ್ನು ಕಳೆಯುವುದೇ ಇಲ್ಲ, ಆಮೇಲೆ ನೋಟಿಸ್ ಬಂತು ಅಂತಾರೆ. ಅಂದ ಹಾಗೆ, 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಈ ಸೆಕ್ಷನ್‌ಗಳ ನಂಬರ್ ಬದಲಾಗಿವೆ. ಎಲ್ಲರ ಬಾಯಲ್ಲಿ ಇರುವುದು ಹಳೆಯದೇ ಆದ್ದರಿಂದ ನಾನೂ ಅದನ್ನೇ ಬಳಸಿದ್ದೇನೆ.

ಅಮ್ಮನ ಪ್ರೀಮಿಯಂ ನೀವೇ ಕಟ್ಟುತ್ತಿದ್ದರೆ ಅದಕ್ಕೆ ಮಾತ್ರ 80ಡಿ ಇದೆ. ಅವರಿಗೆ 60 ಆಗಿದ್ದರೆ 50,000ದವರೆಗೆ. ಅವರು ನಿಮ್ಮ ಮೇಲೆ ಅವಲಂಬಿಸಿರಬೇಕು ಅಂತೇನಿಲ್ಲ. ಅಣ್ಣ ಅರ್ಧ, ನೀವು ಅರ್ಧ ಕಟ್ಟಿದರೆ ಅವರವರು ಕಟ್ಟಿದಷ್ಟು ಅವರವರು ಕೇಳಬಹುದು. ಅತ್ತೆ-ಮಾವನ ಪ್ರೀಮಿಯಂ ಅಳಿಯ ಕಟ್ಟಿದರೆ ಏನೂ ಸಿಗುವುದಿಲ್ಲ. ಮಗಳಿಗೆ ಆದಾಯ ಇದ್ದರೆ ಆಕೆಯ ಅಕೌಂಟಿನಿಂದ ಹೋಗಲಿ. ಏಜೆಂಟ್ ಕೈಗೆ ನೋಟು ಕೊಟ್ಟು ರಸೀದಿ ತಗೊಂಡರೂ 80ಡಿ ಹೋಯಿತು, ಪ್ರೀಮಿಯಂಗೆ ನಗದು ನಡೆಯುವುದಿಲ್ಲ. ಇದೆಲ್ಲ ಹಳೆ ಪದ್ಧತಿಯಲ್ಲಿ ಉಳಿದವರಿಗೆ. ಹೊಸ ಪದ್ಧತಿಗೆ ಹೋಗಿದ್ದರೆ 80ಡಿಯೂ ಇಲ್ಲ, 80ಡಿಡಿಬಿಯೂ ಇಲ್ಲ. ಕ್ಲೈಮ್ ಹಣಕ್ಕೆ ಟ್ಯಾಕ್ಸ್ ಅಲ್ಲೂ ಇಲ್ಲ. ಪಕ್ಕದ ಮನೆಯವರಿಗೂ ಹೇಳಿಬಿಡಿ.